ಸಂದುಗಳ ಅಳತೆ: ಕಾಸರಗೋಡಿನ ಒಂದು ಪೇಟೆ ಬೀದಿಯ ಗುಣಮಟ್ಟ ಪರಿಶೀಲನೆ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಕನ್ನಡ, ತುಳು, ಮಲಯಾಳ ಮೂರನ್ನೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಬಹುದಾದ ಒಂದು ಸಣ್ಣ ಪೇಟೆಯ ಮುಖ್ಯ ಬೀದಿಯನ್ನು ಕುರಿತ ಬರಹ ಇದು. ಪೇಟೆಯ ಹೆಸರನ್ನಾಗಲಿ ಕೆಲಸ ಮಾಡಿಸಿದ ಕಚೇರಿಯ ಹೆಸರನ್ನಾಗಲಿ ಬರೆಯುತ್ತಿಲ್ಲ. ಇಲ್ಲಿ ಕಂಡ ಲೋಪ ಯಾರದೋ ಕಳ್ಳತನದಿಂದ ಆದದ್ದಲ್ಲ. ಹೆಸರು ಬಂದರೆ ಓದುವವರ ಗಮನ ಕಾರಣವನ್ನು ಬಿಟ್ಟು ಆ ಹೆಸರಿನ ಕಡೆಗೇ ಹೋಗುತ್ತದೆ. ನಾನು ಬಹಳ ವರ್ಷ ರಸ್ತೆ ಕಾಮಗಾರಿಗಳಲ್ಲಿ ಓವರ್‌ಸೀಯರ್ ಆಗಿದ್ದು ನಿವೃತ್ತನಾದವನು. ನಾನೇ ಅಳೆದು, ನಾನೇ ಸಹಿ ಹಾಕಿ ಪಾಸು ಮಾಡಿಸಿದ ರಸ್ತೆಗಳು ಈ ಜಿಲ್ಲೆಯಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಕೆಲವನ್ನಾದರೂ ಈಗ ಬೇರೆ ಕಣ್ಣಿನಿಂದ ನೋಡಬೇಕಾಗಿದೆ ಎಂಬುದು ಈ ಪ್ರಕರಣದಿಂದ ನನಗೆ ಮನವರಿಕೆಯಾಯಿತು.

ಬೀದಿಯ ಉದ್ದ 380 ಮೀಟರ್. ಮೂಡು ಬದಿಯಲ್ಲಿ ಮುರಕಲ್ಲಿನ ಗುಡ್ಡೆ, ಪಡು ಬದಿಯಲ್ಲಿ ಅಡಿಕೆ ತೋಟಗಳ ನಡುವೆ ಹರಿಯುವ ತೋಡು. ಗುಡ್ಡೆಯ ನೀರು ಹಿಂದೆ ಅಂಗಡಿಗಳ ಮುಂದಿನ ಮಣ್ಣಿನ ಕಣಿಯಲ್ಲಿ ಹರಿದು, ಬೀದಿಯ ಕೆಳತುದಿಯಲ್ಲಿ ರಸ್ತೆಯಡಿಯ ಒಂದು ಸಿಮೆಂಟು ಪೈಪಿನ ಮೂಲಕ ತೋಡಿಗೆ ಸೇರುತ್ತಿತ್ತು. ಪೇಟೆ ಬೆಳೆದಂತೆ ಕಣಿ ಮುಚ್ಚಿತು, ಗುಡ್ಡೆಯಲ್ಲಿ ಮನೆಗಳೆದ್ದವು, ಮಳೆಗಾಲದಲ್ಲಿ ಬೀದಿಯೇ ತೋಡಾಗತೊಡಗಿತು. ಗ್ರಾಮಸಭೆಗಳಲ್ಲಿ ಹಲವು ಬಾರಿ ಬೇಡಿಕೆ ಬಂದ ಮೇಲೆ ಬೀದಿಯನ್ನು ಹೊಸದಾಗಿ ಕಟ್ಟುವ ಯೋಜನೆ ಮಂಜೂರಾಯಿತು. ಕಾಂಕ್ರೀಟು ಚರಂಡಿ, ಅದರ ಮೇಲೆ ಸ್ಲ್ಯಾಬು ಹಾಸಿ ಇಂಟರ್‌ಲಾಕ್ ಜೋಡಿಸಿದ ಕಾಲುದಾರಿ, ಬಿಎಂ–ಬಿಸಿ ಮಾದರಿಯ (ಸಡಿಲ ಜಲ್ಲಿಯ ಬಿಎಂ ಕೆಳಪದರ, ಬಿಗಿಯಾದ ಬಿಸಿ ಮೇಲ್ಪದರ) ಡಾಮರು, ಸ್ಟೀಲಿನ ಬಸ್ ತಂಗುದಾಣ, ಗಾಲಿಕುರ್ಚಿಗೆ ಇಳಿಜಾರು ಇವೆಲ್ಲ ಎಸ್ಟಿಮೇಟಿನಲ್ಲಿದ್ದವು. ಮಾರ್ಚಿನಲ್ಲಿ ಕೆಲಸ ಮುಗಿದು ಉದ್ಘಾಟನೆಯೂ ಆಯಿತು. ಜೂನ್ ಎರಡನೆಯ ವಾರದ ಒಂದು ಸಂಜೆ, ಮುಕ್ಕಾಲು ಗಂಟೆ ಸುರಿದ ಮಳೆಗೆ, ಬಸ್ ನಿಲ್ದಾಣದ ಎದುರಿನ ಆರು ಅಂಗಡಿಗಳಿಗೆ ನೀರು ನುಗ್ಗಿತು. ಜೀನಸಿನ ಅಂಗಡಿಯ ಕಾಕನ ಕುಚ್ಚಲಕ್ಕಿ ಮೂಟೆಗಳ ಕೆಳಸಾಲು ಪೂರ್ತಿ ನೆನೆಯಿತು. ಹಳೆಯ ಮಣ್ಣಿನ ಕಣಿಯ ಕಾಲದಲ್ಲಿ ಅವರ ಅಂಗಡಿಯ ಹೊಸ್ತಿಲನ್ನು ನೀರು ದಾಟಿದ್ದಿಲ್ಲ.

ಮರುದಿನ ಊರಲ್ಲಿ ಎಲ್ಲರ ಬಾಯಲ್ಲಿದ್ದ ಮಾತು ಒಂದೇ: ಸಿಮೆಂಟು ಕಡಿಮೆ ಹಾಕಿದ್ದಾರೆ, ಡಾಮರು ತೆಳ್ಳಗಿದೆ, ದುಡ್ಡು ತಿಂದಿದ್ದಾರೆ. ಕಾಮಗಾರಿ ಮಾಡಿಸಿದವರ ಉತ್ತರವೂ ಒಂದೇ: ಜನ ಚರಂಡಿಗೆ ಕಸ ಹಾಕಿದ್ದಾರೆ. ಎರಡೂ ಮಾತುಗಳನ್ನು ಅಳತೆಯಿಲ್ಲದೆ ಒಪ್ಪುವುದು ಸರಿಯಲ್ಲವೆಂದು ತೋರಿ, ವಾರ್ಡಿನ ಸದಸ್ಯೆಯ ಒಪ್ಪಿಗೆ ಪಡೆದು ನಾವು ನಾಲ್ವರು ಪರಿಶೀಲನೆಗೆ ಇಳಿದೆವು: ನಾನು, ವಿಶೇಷ ಅಗತ್ಯದ ಮಕ್ಕಳು ಕಲಿಯುವ ಬಡ್ಸ್ ಶಾಲೆಯ ಒಬ್ಬ ಶಿಕ್ಷಕಿ, ಅಂಗಡಿಯ ಕಾಕ, ಮತ್ತು ಇದೇ ಕಾಮಗಾರಿಯಲ್ಲಿ ಕೂಲಿಗೆ ಕಲ್ಲು ಕಟ್ಟಿದ್ದ ಒಬ್ಬ ಮೇಸ್ತ್ರಿ. ಮೇಸ್ತ್ರಿ ಬಂದದ್ದು ನಮ್ಮ ಪುಣ್ಯ. ಯಾವುದು ಮೊದಲು ಕಟ್ಟಿದ್ದು, ಯಾವುದು ಆಮೇಲೆ ಬಂದದ್ದು ಎಂಬುದು ಯಾವ ಕಡತದಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು.

ಕಡತಗಳಲ್ಲಿ ಕಂಡದ್ದು

ಮಾಹಿತಿ ಹಕ್ಕಿನಡಿ ಅಳತೆ ಪುಸ್ತಕದ, ಅಂದರೆ ನಾವು ಎಂ ಬುಕ್ ಎನ್ನುವ ದಾಖಲೆಯ, ಪ್ರತಿ ಸಿಕ್ಕಿತು. ಚರಂಡಿಯ ಒಳ ಅಗಲ 60 ಸೆಂಟಿಮೀಟರ್, ಆಳ 75 ಸೆಂಟಿಮೀಟರ್ ಎಂದಿತ್ತು. ಆರು ಕಡೆ ಸ್ಲ್ಯಾಬು ಎತ್ತಿಸಿ ಅಳೆದಾಗ ಹಾಗೆಯೇ ಇತ್ತು. ಕಾಂಕ್ರೀಟಿನ ಘನಗಳು 28 ದಿನಗಳ ಪರೀಕ್ಷೆಯಲ್ಲಿ ಎಂ20 ದರ್ಜೆಗೆ ಬೇಕಾದ ಬಲವನ್ನು ದಾಟಿದ್ದವು. ಡಾಮರಿನ ಕೋರ್, ಅಂದರೆ ಕೊರೆದು ತೆಗೆದ ತುಂಡಿನ, ವರದಿಯಲ್ಲಿ ಕೆಳಪದರ 50 ಮಿಲಿಮೀಟರ್, ಮೇಲ್ಪದರ 30 ಮಿಲಿಮೀಟರ್ ಇತ್ತು. ಕಾಲುದಾರಿಯ ಅಗಲ 1.8 ಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ಐಆರ್‌ಸಿ 103, ಕನಿಷ್ಠ ಎಂದು ಹೇಳುವ ಅಗಲವೂ ಅಷ್ಟೇ.

ಕೆಲಸದಲ್ಲಿ ಮೋಸ ಇರಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯುವುದು ನನ್ನ ಕರ್ತವ್ಯ, ಏಕೆಂದರೆ ನಮ್ಮ ಕಡೆ ರಸ್ತೆಯ ಗುಣಮಟ್ಟವೆಂದರೆ ಸಾಮಗ್ರಿಯ ಪ್ರಾಮಾಣಿಕತೆ ಎಂದೇ ಜನರೂ ಅಧಿಕಾರಿಗಳೂ ಎಣಿಸಿದ್ದಾರೆ. ಎಂ ಬುಕ್ಕಿನಲ್ಲಿ ಪ್ರತಿಯೊಂದು ಬಾಬಿಗೂ ಉದ್ದ, ಅಗಲ, ದಪ್ಪ ಬರೆಯಲು ಜಾಗವಿದೆ, ದರವಿದೆ, ಮೊತ್ತವಿದೆ. ಚರಂಡಿ ಒಂದು ಬಾಬು, ಅಂಚುಗಲ್ಲು ಒಂದು ಬಾಬು, ಡಾಮರು ಇನ್ನೊಂದು. ಡಾಮರು ಅಂಚುಗಲ್ಲನ್ನು ಮುಟ್ಟುವ ಗೆರೆ ಯಾವ ಬಾಬಿಗೂ ಸೇರಿದ್ದಲ್ಲ, ಚರಂಡಿ ಹಳೆಯ ಪೈಪನ್ನು ಸೇರುವ ಬಾಯಿಯೂ ಹಾಗೆಯೇ. ಅದಕ್ಕೆ ದರವಿಲ್ಲ, ಆದ್ದರಿಂದ ಅದನ್ನು ಅಳೆಯುವವರೂ ಇಲ್ಲ. ಈ ಬೀದಿ ಸೋತದ್ದು ಅಂಥ ಸಂದುಗಳಲ್ಲಿ.

ಒಂದು ಕೊಡಪಾನ ನೀರು

ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದ ಒಂದು ಬೆಳಿಗ್ಗೆ, ಬಸ್ಸುಗಳು ಶುರುವಾಗುವ ಮೊದಲು, ನಾವು ಬಸ್ ನಿಲ್ದಾಣದ ಬಳಿ ರಸ್ತೆಯ ನಡುಗೆರೆಯ ಮೇಲೆ ಒಂದು ಕೊಡಪಾನ ನೀರನ್ನು ನಿಧಾನವಾಗಿ ಸುರಿದೆವು. ನೀರು ಮೊದಲು ಅಗಲವಾಗಿ ಹರಡಿತು, ಆಮೇಲೆ ಬೆರಳಿನಷ್ಟು ಅಗಲದ ಒಂದು ಎಳೆಯಾಗಿ ಅಂಚಿನ ಕಡೆ ಹೊರಟಿತು. ಅಂಚುಗಲ್ಲಿನ ಬುಡಕ್ಕೆ ಬಂದು, ಚರಂಡಿಗೆ ನೀರು ಇಳಿಯಲೆಂದು ಬಿಟ್ಟ ಕಿಂಡಿಯ ಎದುರೇ ನಿಂತಿತು. ಇನ್ನೆರಡು ಕೊಡಪಾನ ಸುರಿದರೂ ಅದು ಕಿಂಡಿಯನ್ನು ಹೊಗಲಿಲ್ಲ, ಎಡಕ್ಕೂ ಬಲಕ್ಕೂ ಚಾಚಿಕೊಂಡು ಗುಂಡಿಯಾಯಿತು. ಮೇಸ್ತ್ರಿ ಕುಕ್ಕರಗಾಲಲ್ಲಿ ಕುಳಿತು ಕಿಂಡಿಯ ತಳಕ್ಕೆ ರಸಮಟ್ಟ ಹಿಡಿದರು. ಕಿಂಡಿಯ ತಳ ಡಾಮರಿಗಿಂತ 3 ಸೆಂಟಿಮೀಟರ್ ಮೇಲಿತ್ತು.

"ಅಣ್ಣಾ, ಈ ಕಲ್ಲು ಇಟ್ಟವನು ನಾನೇ," ಎಂದರು ಮೇಸ್ತ್ರಿ. "ಆಚೆಯಿಂದ ಈಚೆಗೆ ನೂಲು ಎಳೆದು ಇಟ್ಟದ್ದು, ಒಂದು ಕಲ್ಲೂ ತಪ್ಪಿಲ್ಲ. ಡಾಮರು ಆಮೇಲೆ ಬಂದದ್ದಲ್ಲ? ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಯಾರೂ ಹೇಳ್ಲಿಲ್ಲ."

ಅವರ ಮಾತು ಅಕ್ಷರಶಃ ನಿಜವೆಂದು ನೀರಿನ ಪೈಪು ಹಿಡಿದು ಮಟ್ಟ ನೋಡಿದಾಗ ತಿಳಿಯಿತು. ಹಳೆಯ ರಸ್ತೆ ಬಸ್ ನಿಲ್ಲುವಲ್ಲಿ, ವರ್ಷಗಟ್ಟಲೆ ಭಾರದ ಗಾಡಿಗಳು ಬ್ರೇಕು ಹಾಕಿದ ಕಾರಣ, ಸುಮಾರು 14 ಮೀಟರ್ ಉದ್ದಕ್ಕೆ 8 ಸೆಂಟಿಮೀಟರಿನಷ್ಟು ತಗ್ಗಿತ್ತು. ಅಂಚುಗಲ್ಲನ್ನು ನೂಲಿನ ನೇರಕ್ಕೆ ಇಟ್ಟರು, ಅದು ಸರಿ. ಡಾಮರನ್ನು ಎಲ್ಲೆಡೆ ಒಂದೇ ಸಮ 80 ಮಿಲಿಮೀಟರ್ ಹಾಕಿದರು, ಅದೂ ಸರಿ. ಆದರೆ ತಗ್ಗಿದ ನೆಲದ ಮೇಲೆ ಒಂದೇ ಸಮ ದಪ್ಪ ಹಾಕಿದರೆ ತಗ್ಗು ಹಾಗೆಯೇ ಉಳಿಯುತ್ತದೆ. ಡಾಮರು ಹಾಕುವ ಮೊದಲು ತಗ್ಗನ್ನು ತುಂಬಿ ಮಟ್ಟ ಸರಿಪಡಿಸುವ ಒಂದು ಪದರ ಬೇಕಿತ್ತು, ಅದು ಎಸ್ಟಿಮೇಟಿನಲ್ಲಿ ಇರಲಿಲ್ಲ. ನಕ್ಷೆಯ ಪ್ರಕಾರ ಕಿಂಡಿಯ ತಳ ಡಾಮರಿಗಿಂತ 5 ಸೆಂಟಿಮೀಟರ್ ಕೆಳಗೆ ಇರಬೇಕಿತ್ತು. ರಸ್ತೆ ಎಂಟು ಕೆಳಗೆ ಹೋದದ್ದರಿಂದ ಅದು ಮೂರು ಮೇಲಾಯಿತು. ಕೋರ್ ತೆಗೆಯುವ ಯಂತ್ರಕ್ಕೆ ಇದು ಕಾಣುವುದೇ ಇಲ್ಲ, ಅದು ದಪ್ಪವನ್ನು ಮಾತ್ರ ಹೇಳುತ್ತದೆ.

ಹೀಗೆ ನಿಂತ ನೀರು ಅಂಗಡಿಗೆ ತೊಂದರೆ ಕೊಡುವುದಲ್ಲದೆ ರಸ್ತೆಯನ್ನೂ ತಿನ್ನುತ್ತದೆ. ಬಿಎಂ ಪದರ ಸಡಿಲ ರಚನೆಯದು, ಮೇಲ್ಪದರದ ಸೀಳುಗಳಿಂದ ಇಳಿದ ನೀರು ಅದರೊಳಗೆ ನಿಲ್ಲುತ್ತದೆ, ಗಾಡಿಯ ಚಕ್ರ ಒತ್ತಿದಾಗಲೆಲ್ಲ ಆ ನೀರು ಜಲ್ಲಿಯ ಮೈಯಿಂದ ಡಾಮರನ್ನು ಬಿಡಿಸುತ್ತಾ ಹೋಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬಸ್ ನಿಲ್ದಾಣಗಳ ಎದುರೇ ಹೊಂಡಗಳು ಮೊದಲು ಏಳುವುದಕ್ಕೆ ಇದು ದೊಡ್ಡ ಕಾರಣ. ಪ್ರತಿ ವರ್ಷ ಹೊಂಡ ಮುಚ್ಚುತ್ತಾರೆ, ತಗ್ಗನ್ನು ಎತ್ತುವುದಿಲ್ಲ.

ಚರಂಡಿಯ ಲೆಕ್ಕ

ಕಿಂಡಿಯ ತಪ್ಪಿನಿಂದ ರಸ್ತೆಯಲ್ಲಿ ನೀರು ನಿಂತಿತು. ಅಂಗಡಿಯೊಳಗೆ ಬಂದದ್ದಕ್ಕೆ ಕಾರಣ ಬೇರೆ. ಚರಂಡಿಯಲ್ಲಿ ಕಸ ಇರಲಿಲ್ಲವೆಂದಲ್ಲ, ಪ್ಲಾಸ್ಟಿಕ್ ಚೀಲಗಳೂ ಎಳನೀರಿನ ಬೊಂಡಗಳೂ ಸಿಕ್ಕವು. ಅವನ್ನೆಲ್ಲ ತೆಗೆಸಿದ ಮೇಲೆ ಬಂದ ಮಳೆಗೂ ನೀರು ಸ್ಲ್ಯಾಬಿನ ತೂತುಗಳಿಂದ ಉಕ್ಕಿತು. ಅಂಗಡಿಗಳ ನೆಲ ಹೊಸ ಕಾಲುದಾರಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರುವುದರಿಂದ, ಉಕ್ಕಿದ ನೀರಿಗೆ ಒಳಹೋಗುವುದೇ ದಾರಿ.

ಲೆಕ್ಕ ಸರಳವಾಗಿದೆ, ಡಿಪ್ಲೊಮಾ ಓದಿದ ಯಾರಾದರೂ ಅರ್ಧ ಗಂಟೆಯಲ್ಲಿ ಮಾಡಬಹುದು. ಗುಡ್ಡೆಯ ಕಡೆಯಿಂದ ಈ ಚರಂಡಿಗೆ ನೀರು ಬರುವ ಜಾಗ ಸುಮಾರು 2 ಹೆಕ್ಟೇರ್, ಅಂದರೆ ಐದು ಎಕರೆ; ಬಹುಪಾಲು ಮಾಡು, ಅಂಗಳ, ಮುರಕಲ್ಲಿನ ಬರಿನೆಲ. ಬಿದ್ದ ನೀರಿನ ಹತ್ತರಲ್ಲಿ ಎಂಟು ಪಾಲು ಹರಿದು ಬರುತ್ತದೆಂದೂ, ಜೋರು ಮಳೆ ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಸುರಿಯುತ್ತದೆಂದೂ ಹಿಡಿದರೆ, ಚರಂಡಿಗೆ ಸೆಕೆಂಡಿಗೆ ಸುಮಾರು 0.44 ಘನ ಮೀಟರ್, ಅಂದರೆ 440 ಲೀಟರ್ ಬರುತ್ತದೆ. ಚರಂಡಿಯ ಇಳಿಜಾರು 200ಕ್ಕೆ 1. ಚರಂಡಿಯಲ್ಲಿ ಎಷ್ಟು ನೀರು ಸಾಗುತ್ತದೆಂದು ಹೇಳುವ ಮ್ಯಾನಿಂಗ್ ಸೂತ್ರದಲ್ಲಿ ಕಾಂಕ್ರೀಟಿನ ಒರಟುತನವನ್ನು 0.015 ಎಂದು ಹಾಕಿ, ನೀರು 60 ಸೆಂಟಿಮೀಟರ್ ಎತ್ತರಕ್ಕೆ ಹರಿದರೆ, ಸೆಕೆಂಡಿಗೆ 580 ಲೀಟರ್ ಸಾಗುತ್ತದೆ. ಹೊಸ ಚರಂಡಿ ಚಿಕ್ಕದಾದದ್ದಲ್ಲ, ಬೇಕಾದದ್ದಕ್ಕಿಂತ ದೊಡ್ಡದೇ ಇದೆ.

ಈ ಚರಂಡಿ ಬೀದಿಯ ಕೊನೆಯಲ್ಲಿ ಸೇರುವುದು ಹಳೆಯ ಪೈಪಿಗೆ. ಪೈಪಿನ ಒಳ ವ್ಯಾಸ 45 ಸೆಂಟಿಮೀಟರ್. ಅದೇ ಇಳಿಜಾರು, ಅದೇ ಒರಟುತನ ಹಿಡಿದರೆ ತುಂಬಿ ಹರಿದರೂ ಅದರಲ್ಲಿ ಸಾಗುವುದು ಸೆಕೆಂಡಿಗೆ 175 ಲೀಟರ್, ಜೋರು ಮಳೆಗೆ ಚರಂಡಿ ತರುವ 440 ಲೀಟರಿನ ಅರ್ಧಕ್ಕಿಂತಲೂ ಕಡಿಮೆ. ಉಳಿದ ನೀರು ಹಿಂದಕ್ಕೆ ಏರಲೇಬೇಕು. ಮಣ್ಣಿನ ಕಣಿಯ ಕಾಲದಲ್ಲಿ ನೀರು ನಿಧಾನವಾಗಿ ಬರುತ್ತಿತ್ತು, ದಾರಿಯಲ್ಲಿ ಸ್ವಲ್ಪ ಇಂಗುತ್ತಿತ್ತು, ಸ್ವಲ್ಪ ಅಕ್ಕಪಕ್ಕದ ತೋಟಗಳಿಗೆ ಹೋಗುತ್ತಿತ್ತು. ಪೈಪು ಹೇಗೋ ತಾಳಿಕೊಂಡಿತ್ತು. ನಯವಾದ ಕಾಂಕ್ರೀಟು ಆ ನೀರನ್ನು ಒಟ್ಟುಗೂಡಿಸಿ, ಒಂದೇ ಉಸಿರಿಗೆ ಪೈಪಿನ ಬಾಯಿಗೆ ತಂದು ಸುರಿಯಿತು. ಚರಂಡಿ ಒಳ್ಳೆಯದಾದ ಕಾರಣವೇ ಅಂಗಡಿಗೆ ನೀರು ನುಗ್ಗಿತು ಎಂದರೆ ಕಾಕ ಮೊದಲಿಗೆ ನಂಬಲಿಲ್ಲ. ಕೊಡಪಾನದ ಬಾಯಿಯನ್ನು ಸೀಮೆಎಣ್ಣೆ ಆಲಿಕೆಗೆ ಹಿಡಿದು ತೋರಿಸಿದ ಮೇಲೆ ಸುಮ್ಮನೆ ತಲೆದೂಗಿದರು.

ಪೈಪನ್ನು ಎಸ್ಟಿಮೇಟಿಗೆ ಏಕೆ ಸೇರಿಸಲಿಲ್ಲ ಎಂದು ಕೇಳಿದಾಗ ಸಿಕ್ಕ ಉತ್ತರ, ಆ ತುದಿಯಲ್ಲಿ ಅಡ್ಡ ಹೋಗುವ ರಸ್ತೆ ಬೇರೊಂದು ಕಚೇರಿಯ ಸ್ವಾಧೀನದಲ್ಲಿದೆ ಎಂಬುದು. ಉತ್ತರ ಸುಳ್ಳಲ್ಲ. ಆದರೆ ತೋಡಿನಿಂದ ಮೇಲಕ್ಕೆ ಲೆಕ್ಕ ಹಾಕುತ್ತಾ ಬರದೆ, ಮಂಜೂರಾದ ಗಡಿಯೊಳಗೆ ಮಾತ್ರ ಚರಂಡಿಯನ್ನು ಯೋಚಿಸಿದ್ದು ಯಾವ ಕಚೇರಿಯ ಕಾಗದದಿಂದಲೂ ಸಮರ್ಥನೆಯಾಗದ ತಪ್ಪು.

ನಡೆಯುವವರು ಮತ್ತು ಕಾಯುವವರು

ಕಾಲುದಾರಿ ಎಂ ಬುಕ್ಕಿನಲ್ಲಿ 1.8 ಮೀಟರ್. ಮಾರ್ಗಸೂಚಿ ಕೇಳುವುದು ಅಡೆತಡೆಯಿಲ್ಲದ 1.8 ಮೀಟರನ್ನು, ತಲೆಯ ಮೇಲೂ 2.2 ಮೀಟರ್ ತೆರವನ್ನು. ವಿದ್ಯುತ್ ಕಂಬಗಳಿರುವಲ್ಲಿ ಉಳಿಯುವುದು 1.1 ಮೀಟರ್. ಒಂದು ಟ್ರಾನ್ಸ್‌ಫಾರ್ಮರಿನ ಬೇಲಿಯ ಪಕ್ಕದಲ್ಲಿ 55 ಸೆಂಟಿಮೀಟರ್ ಮಾತ್ರ. ಬಸ್ ನಿಲ್ದಾಣದ ಬಳಿ ರಸ್ತೆ ತಗ್ಗಿರುವುದರಿಂದ 15 ಸೆಂಟಿಮೀಟರ್ ಇರಬೇಕಾದ ಅಂಚು 23 ಆಗಿದೆ, ಸೊಂಟ ನೋವಿನ ಅಜ್ಜಿಯರು ಅದನ್ನು ಹತ್ತುವ ಸಾಹಸವನ್ನೇ ಮಾಡುವುದಿಲ್ಲ. ಒಂದು ಸಂಜೆ ನಾವು ನಿಂತು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಡಾಮರಿನ ಮೇಲೆಯೇ ನಡೆದರು.

ಬಡ್ಸ್ ಶಾಲೆಯ ಶಿಕ್ಷಕಿಯನ್ನು ಕರೆದದ್ದು ಇಳಿಜಾರಿನ ಕಾರಣಕ್ಕೆ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ಇದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ನಿಷೇಧಿಸಿದ ಎಷ್ಟೋ ವರ್ಷಗಳ ಮೇಲೂ, ಮಕ್ಕಳನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ಯುವ ತಾಯಂದಿರು ಇಲ್ಲಿನ ಪೇಟೆಗಳಲ್ಲಿದ್ದಾರೆ. ಬೇರೆ ಕಡೆ ಕಾನೂನಿನ ಒಂದು ಷರತ್ತಾಗಿ ಕಾಣುವ ಇಳಿಜಾರು ಇಲ್ಲಿ ದಿನನಿತ್ಯದ ಅಗತ್ಯ. ಇಳಿಜಾರು 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬುದು ನಿಯಮ. 23 ಸೆಂಟಿಮೀಟರ್ ಏರಲು ಕಡಿಮೆಯೆಂದರೂ 2.76 ಮೀಟರ್ ಉದ್ದ ಬೇಕು. ಕಟ್ಟಿದ್ದು 1.2 ಮೀಟರ್, ಹೆಚ್ಚುಕಡಿಮೆ 5ಕ್ಕೆ 1. ಶಿಕ್ಷಕಿ ಖಾಲಿ ಗಾಲಿಕುರ್ಚಿಯಲ್ಲಿ ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ ಇಟ್ಟು ತಳ್ಳಿದರು. ಮುಂದಿನ ಸಣ್ಣ ಚಕ್ರಗಳು ಇಳಿಜಾರಿನ ಬುಡದಲ್ಲಿ ಡಾಮರಿಗೂ ಕಾಂಕ್ರೀಟಿಗೂ ನಡುವಿನ ಎರಡು ಬೆರಳಿನ ಮೆಟ್ಟಿಲಿಗೆ ಸಿಕ್ಕಿ, ಕುರ್ಚಿ ಮುಂದಕ್ಕೆ ಮುಗ್ಗರಿಸಿ, ಮೂಟೆ ಕೆಳಗೆ ಜಾರಿತು. ಅವರು ಅದನ್ನು ಎತ್ತಿ ಮತ್ತೆ ಇಡುತ್ತಾ, "ಮಕ್ಕಳನ್ನು ಹಿಂದುಮುಂದಾಗಿ ತಿರುಗಿಸಿ, ಎಳೆದುಕೊಂಡು ಹತ್ತಿಸುತ್ತಾರೆ ಸರ್, ಅಮ್ಮಂದಿರು. ಅದಕ್ಕೇ ಬೀಳುವುದಿಲ್ಲ," ಎಂದರು. ನನ್ನ ಸೇವೆಯ ಕಾಲದಲ್ಲಿ ಎಷ್ಟೋ ಇಳಿಜಾರುಗಳನ್ನು ಘನ ಮೀಟರಿನ ಲೆಕ್ಕದಲ್ಲಿ ಪಾಸು ಮಾಡಿದ್ದೇನೆ. ಒಂದರ ಮೇಲೂ ಗಾಲಿಕುರ್ಚಿ ತಳ್ಳಿ ನೋಡಿದವನಲ್ಲ.

ಬಸ್ ತಂಗುದಾಣದ ವಿಷಯ ಇನ್ನೊಂದು ಬಗೆಯದು. ಸ್ಟೀಲಿನ ಆಸನಗಳು ಗಟ್ಟಿಯಾಗಿವೆ, ಮಾಡು ಸೋರುವುದಿಲ್ಲ, ಆದರೆ ಅದರ ಮುಖ ಪಡುವಣಕ್ಕೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಸ್ಟೀಲು ಕಾಯುತ್ತದೆ. ಜನ ಮೊದಲಿನಂತೆ ನಲವತ್ತು ಮೀಟರ್ ಆಚೆಯ ಗೋಳಿಮರದ ಕಟ್ಟೆಯಲ್ಲೇ ಕಾಯುತ್ತಾರೆ, ಆದ್ದರಿಂದ ಬಸ್ಸೂ ಅಲ್ಲೇ ನಿಲ್ಲುತ್ತದೆ. ನ್ಯೂಯಾರ್ಕಿನ ಬಯಲುಗಳಲ್ಲಿ ಜನ ಎಲ್ಲಿ ಕೂರುತ್ತಾರೆ ಎಂದು ಕ್ಯಾಮರಾ ಇಟ್ಟು ವರ್ಷಗಟ್ಟಲೆ ನೋಡಿದ ವಿಲಿಯಂ ವೈಟ್, ಜನ ಹೆಚ್ಚು ಕೂರುವುದು ಕೂರಲು ಜಾಗವಿರುವಲ್ಲಿ ಎಂಬ ತೀರ ಸರಳವಾದ ಸಂಗತಿಯನ್ನು ಕಂಡುಕೊಂಡಿದ್ದರು. 1962ರಲ್ಲಿ ಕೋಪನ್‌ಹೇಗನ್ನಿನ ಮುಖ್ಯ ಬೀದಿಯಿಂದ ವಾಹನಗಳನ್ನು ಹೊರಗಿಟ್ಟ ಮೇಲೆ, ವಾಸ್ತುಶಿಲ್ಪಿ ಯಾನ್ ಗೆಹ್ಲ್ ಅಲ್ಲಿ ನಡೆಯುವವರನ್ನೂ ನಿಲ್ಲುವವರನ್ನೂ ಬೇರೆಬೇರೆಯಾಗಿ ಎಣಿಸುವ ಕ್ರಮವನ್ನು ಬೆಳೆಸಿದರು. ನಮ್ಮ ಯೋಜನೆಯವರು ಒಂದು ಮಧ್ಯಾಹ್ನ ಹೀಗೆ ಎಣಿಸಿದ್ದರೆ ಸಾಕಿತ್ತು, ತಂಗುದಾಣಕ್ಕೆ ಗೋಳಿಯ ನೆರಳೇ ಜಾಗವಾಗುತ್ತಿತ್ತು. ಕಟ್ಟೆಯ ಬುಡದಲ್ಲಿ ಮೀನು ಮಾರುವ ಹೆಂಗಸರಿಗೂ ನಕ್ಷೆಯಲ್ಲಿ ಜಾಗ ಗುರುತಿಸಿರಲಿಲ್ಲ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸುವ ಕಾಯಿದೆ 2014ರಲ್ಲೇ ಬಂದಿದೆ.

ಫಲಕ

ಕಾಮಗಾರಿಯ ವಿವರ ಬರೆದ ಫಲಕ ಬೀದಿಯ ಮೇಲ್ತುದಿಯಲ್ಲಿದೆ. ದೋಷ ಕಂಡರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಮೂರು ವರ್ಷವೆಂದೂ, ಯಾರಿಗೆ ದೂರು ಕೊಡಬೇಕೆಂದೂ ಅದರಲ್ಲಿತ್ತು, ಮಲಯಾಳದಲ್ಲಿ ಮಾತ್ರ. ಕನ್ನಡ ಶಾಲೆಯಲ್ಲಿ ಕಲಿತ ಅಂಗಡಿಯವರಲ್ಲಿ ಹೆಚ್ಚಿನವರಿಗೆ ಆ ಮೂರು ವರ್ಷದ ಹಕ್ಕು ತಮಗಿದೆ ಎಂಬುದೇ ಗೊತ್ತಿರಲಿಲ್ಲ. ಬಳಸುವವರು ಓದಲಾರದ ಫಲಕವೂ ಬೀದಿಯ ಗುಣಮಟ್ಟದ ಕೊರತೆಯೇ ಎಂದು ನಮ್ಮ ವರದಿಯಲ್ಲಿ ಬರೆದೆವು. ವರದಿಯನ್ನೂ ದೂರನ್ನೂ ಕನ್ನಡದಲ್ಲೇ ಕೊಟ್ಟೆವು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಮಲಯಾಳದ ಅನುವಾದ ಜೊತೆಗಿಡಿ ಎಂಬ ಮಾತು ಬಂದಾಗ ಆ ವಿಧಿಯನ್ನು ಉಲ್ಲೇಖಿಸಿ ವಿನಯದಿಂದ ಮರುಪತ್ರ ಬರೆದೆವು. ಸ್ವೀಕಾರದ ರಶೀದಿ ಸಿಕ್ಕಿತು.

ಏನಾಯಿತು

ರಸ್ತೆ ಸುರಕ್ಷತಾ ಪರಿಶೋಧನೆಯ ಕೈಪಿಡಿ ಐಆರ್‌ಸಿ ಎಸ್‌ಪಿ 88, ನಕ್ಷೆಯ ಹಂತದಿಂದ ರಸ್ತೆ ತೆರೆಯುವ ಮುಂಚಿನವರೆಗೆ ಹಂತಹಂತವಾಗಿ ಪರಿಶೀಲಿಸಬೇಕೆನ್ನುತ್ತದೆ. ನಾವು ಮಾಡಿದ್ದು ತೆರೆದ ಮೇಲೆ. ಆದ್ದರಿಂದ ಸರಿಪಡಿಸಬಹುದಾದದ್ದು ಎಲ್ಲವೂ ಸರಿಯಾಗಲಿಲ್ಲ, ಆದದ್ದಕ್ಕೂ ಬೇಡದ ಖರ್ಚು ಬಿತ್ತು. ಆಗಸ್ಟಿನಲ್ಲಿ ಮಳೆ ಕಡಿಮೆಯಾದಾಗ ಎಂಜಿನಿಯರರು ಸ್ವತಃ ಬಂದು, ನಮ್ಮ ಜೊತೆ ನಿಂತು, ಮತ್ತೊಮ್ಮೆ ಕೊಡಪಾನ ಸುರಿಸಿ ನೋಡಿದರು. ನೀರು ನಿಂತ ಜಾಗಕ್ಕೆ ತಾವೇ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತಪ್ಪನ್ನು ಒಪ್ಪಿಕೊಳ್ಳಲು ಅವರು ತೋರಿದ ಆ ಸಜ್ಜನಿಕೆಯನ್ನು ನಾನು ಇಲ್ಲಿ ದಾಖಲಿಸಲೇಬೇಕು. ಡಿಸೆಂಬರಿನಲ್ಲಿ ಬಸ್ ನಿಲ್ದಾಣದ 14 ಮೀಟರ್ ಡಾಮರನ್ನು ಕೆತ್ತಿ, ಮಟ್ಟ ಏರಿಸಿ, ಮತ್ತೆ ಹಾಕಿದರು. ಅಂಚು 15 ಸೆಂಟಿಮೀಟರಿಗೆ ಬಂತು, ಕಿಂಡಿಗಳು ಡಾಮರಿಗಿಂತ ಕೆಳಗೆ ಬಂದವು, ಇಳಿಜಾರನ್ನು ಒಡೆದು 1.8 ಮೀಟರ್ ಉದ್ದಕ್ಕೆ ಕಟ್ಟಿದರು. ಇಳಿಜಾರಿನ ಬುಡದ ಮೆಟ್ಟಿಲನ್ನು ಮೇಸ್ತ್ರಿ ತಾವೇ ಉಜ್ಜಿ ಸಮ ಮಾಡಿದರು, ಅದಕ್ಕೆ ಕೂಲಿ ಕೇಳಲಿಲ್ಲ.

ಪೈಪಿನ ಕೆಲಸಕ್ಕೆ ಎರಡು ಕಚೇರಿಗಳ ಒಪ್ಪಿಗೆ ಬೇಕಾಗಿ ಮತ್ತೊಂದು ಮಳೆಗಾಲ ಹೋಯಿತು. ಆ ಮಳೆಗಾಲದಲ್ಲಿ ಕಾಕ ಮೂಟೆಗಳನ್ನು ಮರದ ಹಲಗೆಯ ಮೇಲೆ ಪೇರಿಸಿಟ್ಟರು. ನೀರು ಎರಡು ಸಲ ಒಳಗೆ ಬಂತು, ಅಕ್ಕಿ ನೆನೆಯಲಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ಪೈಪು ತೆಗೆದು 1 ಮೀಟರ್ ಅಗಲದ ಚೌಕಾಕಾರದ ಮೋರಿ ಕಟ್ಟಿದರು. ಆಮೇಲಿನ ಜೂನಿನಲ್ಲಿ ಅಂಗಡಿಯ ಹೊಸ್ತಿಲು ಒಣಗಿಯೇ ಇತ್ತು. ಫಲಕಕ್ಕೆ ಕನ್ನಡದ ಬರಹವೂ ಸೇರಿತು, ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿಸಲು ಇನ್ನೊಂದು ಅರ್ಜಿ ಕೊಟ್ಟಿದ್ದೇವೆ.

ಟ್ರಾನ್ಸ್‌ಫಾರ್ಮರ್ ಇದ್ದಲ್ಲೇ ಇದೆ. ಅದನ್ನು ಹಿಂದಕ್ಕೆ ಸರಿಸುವ ಖರ್ಚನ್ನು ಯಾರು ಕಟ್ಟಬೇಕು ಎಂಬ ಪತ್ರ ವ್ಯವಹಾರ ನಡೆಯುತ್ತಿದೆ. ಗಾಲಿಕುರ್ಚಿ ತಳ್ಳಿಕೊಂಡು ಬರುವ ತಾಯಿ ಅಲ್ಲಿಗೆ ಬಂದಾಗ ಕಾಲುದಾರಿಯಿಂದ ಇಳಿದು, ಆರು ಮೀಟರ್ ರಸ್ತೆಯ ಮೇಲೆ ಹೋಗಿ, ಮತ್ತೆ ಹತ್ತುತ್ತಾರೆ. ಬೆಳಗಿನ ಬಸ್ಸಿನ ಹೊತ್ತಿನಲ್ಲಿ ಕಾಕ ಅಂಗಡಿಯಿಂದ ಹೊರಗೆ ಬಂದು, ಆ ಆರು ಮೀಟರಿಗೆ ಗಾಡಿಗಳಿಗೆ ಕೈ ತೋರಿಸಿ ನಿಲ್ಲಿಸುತ್ತಾರೆ.